ಎರಡೆಳೆಯ ಪಾಕ

ಪಾಕದ ವಿಷಯದಲ್ಲಿ ಗೌರಕ್ಕನ ಎದುರು ಬಾಯಿ ತೆರೆದವರು ಬೈಲಹೊಂಗಲ ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಮದುವೆಮನೆಯಲ್ಲಿ ಹಂಡೆಗಟ್ಟಲೆ ಸಕ್ಕರೆ ಕುದಿಯುತ್ತಿದ್ದರೂ ಅಡಿಗೆಯವರು ಕೈಕಟ್ಟಿ ನಿಂತಿರುತ್ತಿದ್ದರು. ಗೌರಕ್ಕ ಬಂದು ಸೌಟಿನ ತುದಿಯ ಹನಿಯನ್ನು ಎರಡು ಬೆರಳ ನಡುವೆ ಹಿಡಿದು, ಎಳೆ ಎಷ್ಟು ಬಂತೆಂದು ನೋಡಿ, "ಇಳಸ್ರಿ" ಅಂದ ಮೇಲೆಯೇ ಹಂಡೆ ಕೆಳಗಿಳಿಯುತ್ತಿತ್ತು. ಊರಲ್ಲಿ ಅವಳಿಗೆ ಪಾಕದ ಗೌರಕ್ಕ ಎಂದೇ ಹೆಸರು. ಅಂಥವಳು ಅರವತ್ತರ ವಯಸ್ಸಿನಲ್ಲಿ ಸಿಡ್ನಿಯ ಆಬರ್ನ್ ಎಂಬ ಸಬರ್ಬಿಗೆ ಬಂದು, ಮಗನ ಬಾಡಿಗೆ ಫ್ಲ್ಯಾಟಿನ ಅಡಿಗೆಮನೆಯಲ್ಲಿ ಸೊಸೆ ಕಾಸಿಟ್ಟ ಪಾಕಕ್ಕೆ ಬೆರಳು ಹಚ್ಚಿದರೆ ಎಳೆಯೇ ಬರಲಿಲ್ಲ. ನೀರಿನ ಹಾಗೆ ಅಂಗೈಯಿಂದ ಮೊಣಕೈಗೆ ಇಳಿಯಿತು.

"ಇದು ಪಾಕೋ, ಶರಬತ್ತೋ?" ಎಂದು ಕೇಳಿದಳು.

"ಬಕ್ಲಾವಾಕ್ಕ ಹಿಂಗ ತೆಳ್ಳಗ ಇರಬೇಕ್ರಿ ಅತ್ತಿ," ಎಂದು ಸಂಧ್ಯಾರಾಣಿ ತಿರುಗಿಯೂ ನೋಡದೆ ಹೇಳಿದಳು. "ಎಳಿ ಬಂತಂದ್ರ ಕೆಟ್ಟಂಗ."

"ಎಳಿ ಬಂದ್ರ ಕೆಡತೈತಿ? ಯಾರವಾ ನಿನಗ ಹೇಳಿದವ್ರು?"

"ಮಾಡೋರು ಹೇಳ್ಯಾರ."

"ಹಂಗಾರ ನಾವು ಇಷ್ಟು ವರ್ಷ ಮಾಡಿದ್ದು ಏನು, ಮಣ್ಣ?"

"ನಿಮ್ಮದು ನಿಮಗ, ಅವರದು ಅವರಿಗ್ರಿ. ಸ್ವಲ್ಪ ಸರೀರಿ, ಓವನ್ ತಗೀಬೇಕು."

ಆ ಮನೆಯಲ್ಲಿ ಸರೀರಿ ಅನ್ನುವುದೇ ಜಗಳದ ಬೀಜ. ಒಬ್ಬರು ರೊಟ್ಟಿ ಬಡಿಯಲು ನಿಂತರೆ ಇನ್ನೊಬ್ಬರು ಫ್ರಿಜ್ಜಿನ ಬಾಗಿಲು ತೆರೆಯುವಂತಿಲ್ಲ, ಅಷ್ಟು ಇಕ್ಕಟ್ಟು. ಆದರೆ ಗೌರಕ್ಕನಿಗೆ ಚುಚ್ಚಿದ್ದು ಇಕ್ಕಟ್ಟಲ್ಲ. ಹುಬ್ಬಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದ ಸೊಸೆ ಇಲ್ಲಿಗೆ ಬಂದು, ಓದಿದ ಕಾಗದಗಳಿಗೆ ಬೆಲೆ ಸಿಗದೆ, ಸ್ಟೇಷನ್ ಹತ್ತಿರದ ಟರ್ಕಿಯವರ ಮಿಠಾಯಿ ಅಂಗಡಿಯಲ್ಲಿ ಕೌಂಟರಿಗೆ ಸೇರಿದ್ದಳು. ಕೌಂಟರಿನಿಂದ ಒಳಗಿನ ಅಡಿಗೆಕೋಣೆಗೆ ಹೋದವಳು ಅಲ್ಲೇ ನೆಲೆ ನಿಂತಳು. ಪೂಜೆ-ಪಾಠದ ಐಗಳ ಮನೆಯ ಸೊಸೆ ಯಾರದೋ ಅಂಗಡಿಯಲ್ಲಿ ಹಿಟ್ಟು ನಾದುತ್ತಾಳೆಂದು ಹೇಳಲಾರದೆ ಗೌರಕ್ಕ ಪ್ಯಾರಮಟ್ಟಾದ ಭಾನುವಾರದ ವಚನದ ಕೂಟದಲ್ಲಿ, "ನಮ್ಮ ಸೊಸಿ ಫುಡ್ ಕಂಪನ್ಯಾಗ ಕ್ವಾಲಿಟಿ ನೋಡತಾಳ" ಎಂದು ಹಬ್ಬಿಸಿದ್ದಳು. ಕೂಟದ ಹೆಂಗಸರಿಗೆ ನಿಜ ಗೊತ್ತಿತ್ತು. ಅವರಲ್ಲಿ ಅರ್ಧ ಮಂದಿ ಆ ಅಂಗಡಿಯಲ್ಲೇ ಬಕ್ಲಾವಾ ಕೊಳ್ಳುತ್ತಿದ್ದರು.

ಬಕ್ಲಾವಾ ಅಂದರೆ ಹೆಚ್ಚೇನಿಲ್ಲ. ಮೈದಾಹಿಟ್ಟನ್ನು ಕಾಗದಕ್ಕಿಂತ ತೆಳ್ಳಗೆ ಲಟ್ಟಿಸಿ, ಒಂದರ ಮೇಲೊಂದು ಹಾಳೆ ಹಾಸಿ, ಹಾಳೆಗೊಮ್ಮೆ ತುಪ್ಪ ಸವರಿ, ನಡುವೆ ಪಿಸ್ತಾಪುಡಿ ಉದುರಿಸಿ, ಕೊಯ್ದು, ಓವನ್ನಿನಲ್ಲಿ ಕೆಂಪಗೆ ಬೇಯಿಸುವುದು. ಬಿಸಿಬಿಸಿ ತಟ್ಟೆಗೆ ತಣ್ಣಗಿನ ಪಾಕ ಸುರಿದು ಒಂದು ರಾತ್ರಿ ಹಾಗೇ ಬಿಡುವುದು. ಹೇಳುವುದಕ್ಕೆ ಇಷ್ಟೇ. ಮಾಡುವುದರಲ್ಲಿ ಹಣೆಬರಹ ಗೊತ್ತಾಗುತ್ತದೆ.

ಜಗಳ ಬೆಂಕಿ ಹಿಡಿದದ್ದು ಒಂದು ಸಂಜೆ ಊಟಕ್ಕೆ ಕೂತಾಗ. ಗೌರಕ್ಕನ ಮಗ ವಿರುಪಾಕ್ಷ ಚಾಟ್ಸ್‌ವುಡ್‌ನ ಐಟಿ ಆಫೀಸಿನಿಂದ ಎರಡು ರೈಲು ಬದಲಿಸಿ ಬಂದು ತಟ್ಟೆಯ ಮುಂದೆ ಕುಸಿದಿದ್ದ. ಗಂಡ ಚನ್ನಬಸಯ್ಯ, ನಿವೃತ್ತ ಮಾಸ್ತರ, ಹಣೆಗೆ ವಿಭೂತಿ ಧರಿಸಿ ಮಜ್ಜಿಗೆಗೆ ಕಾಯುತ್ತಿದ್ದರು. ಏಳು ವರ್ಷದ ಮೊಮ್ಮಗಳು ಚಿನ್ನಮ್ಮ ಬದನೆಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದಳು.

"ನಮ್ಮ ಅಂಗಡಿ ಯಾಷಾರ್ ಸಾಹೇಬ್ರ ಅಕ್ಕ ಮೆಲ್ಬರ್ನ್‌ನಾಗ ಅದಾರ," ಎಂದು ಸಂಧ್ಯಾರಾಣಿ ಶುರು ಮಾಡಿದಳು. "ನೆರ್ಮಿನ್ ಅಂತ. ಕೋಬರ್ಗ್‌ನಾಗ ದೊಡ್ಡ ಅಂಗಡಿ. ಅಡಿಗಿಕೋಣಿ ಪೂರಾ ನೋಡಿಕೊಳ್ಳಾಕ ಒಬ್ರು ಬೇಕಾಗ್ಯಾರಂತ. ನನ್ನ ಕೇಳ್ಯಾರ."

"ನೀ ಏನಂದಿ?" ಎಂದಳು ಗೌರಕ್ಕ.

"ಹೂಂ ಅಂದೀನಿ. ಆದ್ರ ಮೊದಲ ಕೈ ನೋಡತಾರ. ಅಂಗಡ್ಯಾಗ ಹತ್ತು ಕೈ ಕೂಡಿರತಾವಲ್ಲ, ಮನ್ಯಾಗ ನಾನೊಬ್ಬಾಕಿನ ಮಾಡಿದ್ದು ಒಂದು ಟ್ರೇ ತರಬೇಕಂತ. ಅವರು ಮುಂದಿನ ತಿಂಗಳು ಇಲ್ಲಿಗೆ ಬರತಾರ."

"ಮತ್ತ ಇವನ ಕೆಲಸ?"

"ನಮ್ಮ ಕಂಪನಿಗೆ ಮೆಲ್ಬರ್ನ್‌ನಾಗೂ ಆಫೀಸ್ ಐತಿ ಅವ್ವಾ," ಎಂದ ವಿರುಪಾಕ್ಷ ತಟ್ಟೆಯಿಂದ ತಲೆ ಎತ್ತದೆ. "ಕೇಳಿ ನೋಡೀನಿ. ಆಗತೈತಿ ಅಂದಾರ."

ಅಂದರೆ ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದಾರೆ, ಹೇಳುವುದಷ್ಟೇ ಬಾಕಿ ಇತ್ತು. ಗೌರಕ್ಕ ಮುರಿದ ರೊಟ್ಟಿಯನ್ನು ತಿರುಗಿ ತಟ್ಟೆಗೆ ಹಾಕಿದಳು. ಸಿಡ್ನಿಗೆ ಬಂದ ಹೊಸದರಲ್ಲಿ ಅವಳು ಗೋಡೆಗೆ ಮುಖ ಮಾಡಿ ಅತ್ತಿದ್ದಳು. ಪ್ಯಾರಮಟ್ಟಾದ ಕೂಟ ಸಿಕ್ಕ ಮೇಲೆ, ಅಲ್ಲಿ ಬೆಳಗಾವಿ ಧಾರವಾಡದ ಹೆಣ್ಣುಮಕ್ಕಳು "ಗೌರಕ್ಕಾ, ಉಂಡಿ ಪಾಕ ನೀವ ನೋಡ್ರಿ" ಎಂದು ಕರೆಯತೊಡಗಿದ ಮೇಲೆ ಕಾಲು ನೆಲಕ್ಕೆ ತಾಗಿತ್ತು. ಈಗ ಅದನ್ನೂ ಕಿತ್ತು ಇನ್ನೊಂದು ಊರಿಗೆ ಹೋಗಬೇಕು, ಯಾಕೆಂದರೆ ಸೊಸೆಗೆ ಶರಬತ್ತು ಕಾಯಿಸುವ ಕೆಲಸ ಸಿಗುತ್ತದೆ.

"ನಾ ಬರಂಗಿಲ್ಲ," ಎಂದಳು.

"ಬರದಿದ್ರ ಎಲ್ಲಿ ಇರತೀರಿ?" ಎಂದಳು ಸಂಧ್ಯಾರಾಣಿ.

ಕೇಳಿದ್ದು ಸಾದಾ ಪ್ರಶ್ನೆಯೇ ಇರಬಹುದು. ಗೌರಕ್ಕನ ಕಿವಿಗೆ ಅದು ಸಾದಾ ಆಗಿ ಬೀಳಲಿಲ್ಲ.

"ಕೇಳಿದ್ರೇನ್ರಿ? ನಾವು ಎಲ್ಲಿ ಇರಬೇಕಂತ ಕೇಳಾಕತ್ತಾಳ ನಿಮ್ಮ ಸೊಸಿ. ಎಮ್ಮೆಸ್ಸಿ ಮಾಡಿ ಹಿಟ್ಟು ನಾದಾಕ ಹೋದಾಕಿ ಈಗ ಮನಿ ಯಜಮಾನಿ ಆದ್ಲು. ಆ ಕೆಲಸ ಹೆಂಗ ಸಿಗತೈತಿ ನಾನೂ ನೋಡತೀನಿ."

ಈ ಕೊನೆಯ ಮಾತನ್ನು ಎಲ್ಲರೂ ಕೇಳಿಸಿಕೊಂಡರು. ಚಿನ್ನಮ್ಮ ಕೂಡ ಬದನೆಕಾಯಿ ಬಿಟ್ಟು ಅಜ್ಜಿಯ ಮುಖ ನೋಡಿದಳು.

ಅಂದಿನಿಂದ ಅತ್ತೆ ಸೊಸೆಯ ಮಾತು ನಿಂತಿತು. ನಿಂತಿತು ಅಂದರೆ ನೇರವಾಗಿ ನಿಂತಿತು; ಚನ್ನಬಸಯ್ಯನ ಮೇಲಿಂದ ಹಾಯ್ದು ಹೋಗುತ್ತಲೇ ಇತ್ತು. "ಮಾವಾರ, ಒಲಿ ಖಾಲಿ ಆದ್ರ ಹೇಳ್ರಿ." "ರೀ, ಖಾಲಿ ಇಲ್ಲಂತ ಹೇಳ್ರಿ." ಬಡ ಮಾಸ್ತರರು ಪೇಪರು ಅಡ್ಡ ಹಿಡಿದು, ಇಬ್ಬರಿಗೂ ಕೇಳಿಸಿದ್ದನ್ನೇ ಇನ್ನೊಮ್ಮೆ ಹೇಳಿ ಮುಗಿಸುತ್ತಿದ್ದರು.

ಸಂಧ್ಯಾರಾಣಿ ವಾರವಾರವೂ ಮನೆಯಲ್ಲಿ ಒಂದು ಟ್ರೇ ಮಾಡಿ ಕೈ ಪಳಗಿಸತೊಡಗಿದಳು. ಶನಿವಾರವೆಲ್ಲ ಮೇಜಿನ ಮೇಲೆ ಮೈದಾ, ನೆಲದ ಮೇಲೆ ಮೈದಾ. ಗೌರಕ್ಕ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಫ್ಲ್ಯಾಟಿನವರು ಕೋಲಿನಿಂದ ಸೂರು ಕುಟ್ಟುವಂತಾಯಿತು. ಕರೆಂಟಿನ ಬಿಲ್ಲು ಬಂದ ದಿನ ಒಂದು ಸುತ್ತು, ತತ್ತಿಯ ಮಾತಿಗೆ ಇನ್ನೊಂದು ಸುತ್ತು.

"ರೀ, ಅದರಾಗ ತತ್ತಿ ಹಾಕತಾರೇನು ಕೇಳ್ರಿ. ಲಿಂಗಪೂಜಿ ಮಾಡೋ ಮನಿ ಇದು."

"ಮಾವಾರ, ಅಂಗಡ್ಯಾಗ ಹಾಕತಾರ, ಮನ್ಯಾಗ ನಾ ಹಾಕಂಗಿಲ್ಲ. ನೆರ್ಮಿನ್‌ಗೂ ಹೇಳೀನಿ, ಒಪ್ಪ್ಯಾರ. ನಂಬಿದ್ರ ನಂಬಲಿ."

ಎಲ್ಲಕ್ಕಿಂತ ಹೆಚ್ಚು ಉರಿ ಹತ್ತಿದ್ದು ಚಿನ್ನಮ್ಮನಿಂದ. ಗೌರಕ್ಕ ಹುಡುಗಿಗೆಂದೇ ಹೋಳಿಗೆ ಮಾಡಿ ತುಪ್ಪ ಸುರಿದು ಕೊಟ್ಟರೆ, ಅದು ಒಂದು ತುತ್ತು ಕಚ್ಚಿ, "ಇಟ್ಸ್ ಟೂ ಡ್ರೈ, ಅಜ್ಜಿ" ಅಂದು, ಅವ್ವನ ಟ್ರೇಯ ಮೂಲೆಯಿಂದ ಬಕ್ಲಾವಾ ಎತ್ತಿ ಬಾಯಿಗೆ ಹಾಕಿಕೊಂಡಿತು. ಸೊಸೆಯ ಮುಖದಲ್ಲಿ ನಗು ಬಂದಿತೋ ಇಲ್ಲವೋ, ಗೌರಕ್ಕನಿಗೆ ಬಂದ ಹಾಗೆ ಕಂಡಿತು.

ನೆರ್ಮಿನ್ ಬರುವ ಹಿಂದಿನ ದಿನ ಶುಕ್ರವಾರ. ಸಂಧ್ಯಾರಾಣಿ ರಜೆ ಹಾಕಿ ಬೆಳಿಗ್ಗೆಯಿಂದಲೇ ಮೇಜು ಹಿಡಿದಿದ್ದಳು. ಗೌರಕ್ಕ ಚಹಾದ ನೆಪದಲ್ಲಿ ಒಳಗೆ ಬಂದಳು, ಕೊಂಕು ಆಡಬೇಕೆಂದೇ ಬಂದಳು. ಬಂದವಳು ನಿಂತುಬಿಟ್ಟಳು. ಕೋಲಿನಂಥ ಉದ್ದ ಲಟ್ಟಣಿಗೆಗೆ ಹಾಳೆಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಸೊಸೆ ಅದನ್ನು ಮೇಜಿನಗಲ ಹಾಸಿದ್ದಳು. ಅದರ ಕೆಳಗೆ ಮೇಜುಬಟ್ಟೆಯ ನೀಲಿ ಹೂವು ಒಂದೊಂದೂ ಕಾಣುತ್ತಿತ್ತು. ಸೊಸೆ ಎರಡೂ ಕೈ ಅಡಿ ಕೊಟ್ಟು ಹಾಳೆಯನ್ನು ಎತ್ತಿದಳು. ಹರಿಯಲಿಲ್ಲ.

ಗೌರಕ್ಕನ ತಾಯಿಯದು ಬೆಳಗಾವಿಯಲ್ಲಿ ಮಂಡಿಗೆ ಮಾಡುತ್ತಿದ್ದ ಕೈ. ಹಿಟ್ಟನ್ನು ಮೊಣಕೈ ಮೇಲೆ ಹಾರಿಸಿ ಹಾರಿಸಿ ಸೀರೆಯ ಸೆರಗಿನಷ್ಟು ಅಗಲ ಮಾಡಿ, ಬೋರಲು ಹಾಕಿದ ಮಡಕೆಯ ಮೇಲೆ ಹೊದಿಸುತ್ತಿದ್ದಳು. ಆ ಕೈ ಗೌರಕ್ಕನಿಗೆ ಬರಲಿಲ್ಲ. ಎಷ್ಟು ಬೈಸಿಕೊಂಡರೂ, ಎಷ್ಟು ಅತ್ತರೂ ಬರಲಿಲ್ಲ. ಅದಕ್ಕೇ ಪಾಕ ಹಿಡಿದಳು, ಅದರಲ್ಲೇ ಹೆಸರು ತೆಗೆದಳು. ಈಗ ಅದೇ ಕೈಯನ್ನು ಹುಬ್ಬಳ್ಳಿಯ ಈ ಬಾಯಿಬಡಕಿಯಲ್ಲಿ ನೋಡಿ ಅವಳಿಗೆ ಹೊಟ್ಟೆಕಿಚ್ಚಾಯಿತು. ಅದರ ಬೆನ್ನಿಗೇ ಹೆಮ್ಮೆಯೂ ಆಯಿತು, ಅವಳಿಗೇ ಗೊತ್ತಾಗದಂತೆ. ಕೊಂಕು ಬಾಯಿಗೆ ಬರಲಿಲ್ಲ. ಚಹಾ ತೆಗೆದುಕೊಂಡು ಹೊರಗೆ ಹೋದಳು.

ಮಧ್ಯಾಹ್ನ ಟ್ರೇ ಓವನ್ನಿನಲ್ಲಿದ್ದಾಗ ಶಾಲೆಯಿಂದ ಫೋನು ಬಂತು. ಚಿನ್ನಮ್ಮ ಆಟದ ಬಯಲಿನ ಜೋತಾಡುವ ಸಲಾಕೆಯಿಂದ ಬಿದ್ದು ಕೈ ಊದಿಸಿಕೊಂಡಿದ್ದಾಳೆ, ಕೂಡಲೇ ಬಂದು ಕರೆದೊಯ್ಯಿರಿ ಎಂದರು. ಸಂಧ್ಯಾರಾಣಿ ಏಪ್ರನ್ ಕಿತ್ತೆಸೆದು ಚಪ್ಪಲಿಗೆ ಕಾಲು ತೂರಿಸುತ್ತಲೇ ಮಾವನಿಗೆ ಹೇಳಿದಳು.

"ಮಾವಾರ, ಓವನ್ ಗಂಟಿ ಹೊಡೀತಂದ್ರ ಬಂದ್ ಮಾಡಿ ಟ್ರೇ ಹೊರಗ ತಗೀರಿ. ಆ ಬೋಗುಣ್ಯಾಗಿನ ಪಾಕ ಪೂರ್ತಿ ಸುರುವಿಬಿಡ್ರಿ. ಬಿಸಿ ಮಾಡಬ್ಯಾಡ್ರಿ, ತಣ್ಣಗ ಐತಿ, ತಣ್ಣಗ ಇರಲಿ."

"ಆತವಾ, ನೀ ಹೋಗು ಮೊದಲ," ಎಂದರು ಚನ್ನಬಸಯ್ಯ.

ಗಂಟೆ ಬಾರಿಸಿತು. ಗೌರಕ್ಕ ಟ್ರೇ ತೆಗೆದಳು. ಹೊಂಬಣ್ಣಕ್ಕೆ ಬೆಂದಿತ್ತು, ಪದರು ಪದರು ಎದ್ದು ನಿಂತಿತ್ತು. ಆಮೇಲೆ ಬೋಗುಣಿಯ ಮುಚ್ಚಳ ತೆಗೆದು ಪಾಕಕ್ಕೆ ಬೆರಳದ್ದಿದಳು. ಅದೇ ನೀರು.

"ಸುರುವಿಬಿಡು," ಎಂದರು ಚನ್ನಬಸಯ್ಯ ಬಾಗಿಲಲ್ಲಿ ನಿಂತು. "ಆಕಿ ಹೇಳಿದಂಗ ಮಾಡು."

"ಏನ್ ಸುರುವಲಿ? ಇಷ್ಟು ಚಂದ ಪದರ ಬಂದಾವ, ಈ ನೀರು ಸುರುವಿದ್ರ ರಾಡಿ ಆಗತೈತಿ. ನಾಳೆ ಆ ಟರ್ಕಿ ಹೆಣ್ಣುಮಗಳ ಮುಂದ ನಮ್ಮ ಹುಡುಗಿ ಮಾನ ಹೋಗಬೇಕೇನ?"

"ಈ ಕೆಲಸ ಸಿಗಬಾರದು ಅಂತಿದ್ದಿ."

"ಸಿಗಬಾರದು. ಆದ್ರ ಪಾಕ ಬರಲಿಲ್ಲ ಅಂತ ತಪ್ಪಬಾರದು, ನಾ ಮನ್ಯಾಗ ಇರಬೇಕಾದ್ರ. ಜಗಳ ಬ್ಯಾರೆ, ಪಾಕ ಬ್ಯಾರೆ. ನೀವು ಹೊರಗ ನಡೀರಿ."

ನಮ್ಮ ಹುಡುಗಿ ಎಂಬ ಮಾತು ಅವಳ ಬಾಯಿಂದ ಬಂದದ್ದು ಸೊಸೆ ಮನೆ ತುಂಬಿದ ಈ ಒಂಬತ್ತು ವರ್ಷದಲ್ಲಿ ಅದೇ ಮೊದಲು. ಕೇಳಿಸಿಕೊಳ್ಳಬೇಕಾದವಳು ಆಗ ಶಾಲೆಯ ದಾರಿಯಲ್ಲಿದ್ದಳು.

ಗೌರಕ್ಕ ಬೋಗುಣಿಯನ್ನು ಒಲೆಗೇರಿಸಿದಳು. ಬೊಗಸೆ ಬೊಗಸೆ ಸಕ್ಕರೆ ಸೇರಿಸಿದಳು. ಚಿರೋಟಿಗಿಂತ ಇದರ ಪದರು ಹೆಚ್ಚು, ಆದ್ದರಿಂದ ಪಾಕವೂ ಗಟ್ಟಿ ಬೇಕೆಂದು ತನಗೆ ತಾನೇ ತೀರ್ಮಾನಿಸಿ, ಎರಡೆಳೆ ಬರುವ ತನಕ ಕುದಿಸಿದಳು. ಬೆರಳ ನಡುವೆ ಎಳೆ ಮಿಂಚಿದಾಗ ಅವಳಿಗೆ ಊರಿನ ಹಂಡೆಯ ಮುಂದೆ ನಿಂತಂತಾಯಿತು. ಕೊತಕೊತ ಕುದಿಯುವ ಪಾಕವನ್ನು ಬಿಸಿ ಟ್ರೇಗೆ ಸುರಿದಳು. ಮೇಲೆ ತೇವ ನಿಂತಂತೆ ಕಂಡಿತು. ಚಿರೋಟಿ ಆರುವ ಹಾಗೆ ಆರಲಿ ಎಂದು ಟ್ರೇಯನ್ನು ತಿರುಗಿ ಓವನ್ನಿನ ಬಿಸಿಯಲ್ಲಿ ಸ್ವಲ್ಪ ಹೊತ್ತು ಇಟ್ಟಳು. ಆಮೇಲೆ ತೆಗೆದು ಬಿಳಿ ಬಟ್ಟೆ ಹೊದಿಸಿದಳು. ಮಾಡಿದ ಕೆಲಸಕ್ಕೆ ಅವಳಿಗೆ ತೃಪ್ತಿಯಾಯಿತು, ಬಹಳ ದಿನಗಳ ಮೇಲೆ.

ಸಂಧ್ಯಾರಾಣಿ ಮರಳಿದ್ದು ಸಂಜೆ, ಆಸ್ಪತ್ರೆಯಲ್ಲಿ ಕಾದು ಕಾದು, ಕೈಗೆ ಪಟ್ಟಿ ಹಾಕಿಸಿಕೊಂಡ ಮಗಳನ್ನು ಎತ್ತಿಕೊಂಡು. ಬಂದವಳೇ ಬಟ್ಟೆಯ ಒಂದು ತುದಿ ಎತ್ತಿ ನೋಡಿದಳು. ಮೇಲೆಲ್ಲ ಫಳಫಳ ಹೊಳೆಯುತ್ತಿತ್ತು. ಅವಳಿಗೆ ಅಷ್ಟೇ ಸಾಕಾಯಿತು.

"ನೀವ ಸುರುವಿದ್ರೇನ್ರಿ ಅತ್ತಿ?"

"ಹೂಂ."

"ಭಾಳ ಉಪಕಾರ ಆತ್ರಿ. ದಾರಿಯುದ್ದಕ್ಕೂ ಅದರದ ಧ್ಯಾನ ಆಗಿತ್ತು."

ವಾರಗಳ ಮೇಲೆ ನೇರವಾಗಿ ಬಂದ ಮಾತು. ಚನ್ನಬಸಯ್ಯ ಏನೋ ಹೇಳಲು ಬಾಯಿ ತೆರೆದರು. ಗೌರಕ್ಕ ಕಣ್ಣಿನಲ್ಲೇ ಮುಚ್ಚಿಸಿದಳು. ಈಗಲೇ ಹೇಳಿದರೆ ರುಚಿ ಏನು ಉಳಿಯಿತು? ನಾಳೆ ಆ ನೆರ್ಮಿನ್ ತಿಂದು ಕಣ್ಣರಳಿಸಿ, "ಈ ಪಾಕ ಯಾರದು" ಅನ್ನಬೇಕು, ಆಗ ತಾನು ಸೆರಗು ಸರಿಮಾಡಿಕೊಳ್ಳಬೇಕು. ಗೌರಕ್ಕ ಮನಸ್ಸಿನಲ್ಲೇ ಮಂಡಿಗೆ ತಿನ್ನತೊಡಗಿದಳು. "ನಾಳೆ ನಾನೂ ಬರತೀನಿ," ಎಂದಳು. "ಕಾರಿನ್ಯಾಗ ಟ್ರೇ ಅಲುಗಾಡಬಾರದಲ್ಲ, ತೊಡಿ ಮ್ಯಾಲ ಇಟಗೊಂಡು ಕೂಡತೀನಿ."

ಸೊಸೆ ಮುಖ ಎತ್ತಿ ನೋಡಿ, "ಬರ್ರಿ," ಎಂದಳು.

ಮರುದಿನ ಗೌರಕ್ಕ ಇಳಕಲ್ ಸೀರೆ ಉಟ್ಟು, ಮಗ ಓಡಿಸುವ ಕಾರಿನಲ್ಲಿ ಸೊಸೆಯ ಜೊತೆ ಹೊರಟಳು. ಅಂಗಡಿಯ ಒಳಕೋಣೆಯಲ್ಲಿ ಉದ್ದನೆಯ ಮೇಜು, ಅದರ ಕೊನೆಯಲ್ಲಿ ನೆರ್ಮಿನ್. ತಲೆಗೆ ಬೂದಿಬಣ್ಣದ ಬಟ್ಟೆ ಕಟ್ಟಿದ, ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ದಪ್ಪ ಹೆಂಗಸು. ಪಕ್ಕದಲ್ಲಿ ತಮ್ಮ ಯಾಷಾರ್. ನೆರ್ಮಿನ್ ಗೌರಕ್ಕನಿಗೆ ಕುರ್ಚಿ ತೋರಿಸಿ, ಗಾಜಿನ ಲೋಟದಲ್ಲಿ ಚಹಾ ಕೊಡಿಸಿ, ಟ್ರೇಯ ಬಟ್ಟೆ ಸರಿಸಿ ಫೋರ್ಕ್ ಎತ್ತಿಕೊಂಡಳು.

ಟಕ್ ಎಂದಿತು. ನೆರ್ಮಿನ್ ಇನ್ನೊಂದು ತುಂಡಿನ ಮೇಲೆ ಒತ್ತಿದಳು. ಅಲ್ಲೂ ಟಕ್ ಎಂದಿತು. ಯಾಷಾರ್ ಚಾಕು ತಂದ, ಅದು ಜಾರಿತು. ಇನ್ನೊಮ್ಮೆ ಒತ್ತಿದಾಗ ಒಂದು ಮೂಲೆ ಹೆಂಚಿನ ಚೂರಿನಂತೆ ಸಿಡಿದು ನೆಲಕ್ಕೆ ಬಿತ್ತು. ಇನ್ನೊಂದು ಚೂರನ್ನು ನೆರ್ಮಿನ್ ಬಾಯಿಗೆ ಹಾಕಿಕೊಂಡಳು, ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿದಳು, ಕೊನೆಗೆ ಕಾಗದದ ಕರವಸ್ತ್ರದಲ್ಲಿ ಉಗುಳಿ ಮಡಿಚಿಟ್ಟಳು. ಇಂಗ್ಲಿಷಿನಲ್ಲಿ ಏನೋ ಅಂದಳು. ಗೌರಕ್ಕನಿಗೆ ಅರ್ಥವಾಗಲಿಲ್ಲ. ಸೊಸೆಯ ಮುಖ ಮಾತ್ರ ಅರ್ಥವಾಯಿತು.

"ಏನಂತಾಳ?" ಎಂದಳು.

ಸಂಧ್ಯಾರಾಣಿ ಟ್ರೇಯನ್ನೇ ನೋಡುತ್ತ ಹೇಳಿದಳು. "ಟರ್ಕಿಯೊಳಗ ಸಣ್ಣ ಹುಡುಗರಿಗೂ ಗೊತ್ತಿರತೈತಂತ ಪಾಕ ಹೆಂಗಿರಬೇಕಂತ. ಇದನ್ನ ಕಾಸಿದಾಕಿಗೆ ಅಷ್ಟೂ ಗೊತ್ತಿಲ್ಲಂತ."

ಯಾಷಾರ್ ನಕ್ಕ. ಅವನದು ಸಿಟ್ಟಿನ ನಗುವಲ್ಲ, ಮುಜುಗರದ ನಗು, ಆದರೂ ನಗು. ಗೌರಕ್ಕನ ಕಿವಿ ಕಾದವು. ಹಂಡೆ ಹಂಡೆ ಪಾಕ ಇಳಿಸಿದವಳನ್ನು ನೋಡಿ ಯಾರೂ ಹಾಗೆ ನಕ್ಕಿರಲಿಲ್ಲ. ನೆರ್ಮಿನ್ ಒಂದು ತುಂಡನ್ನು ಕಷ್ಟಪಟ್ಟು ಕಿತ್ತು, ಪಾಕ ತಾಗದ ನಡುವಿನ ಒಂದು ಹಾಳೆಯನ್ನು ಉಗುರಿನಿಂದ ಬಿಡಿಸಿ ಬೆಳಕಿಗೆ ಹಿಡಿದಳು, ಸಂಧ್ಯಾರಾಣಿಯನ್ನು ಏನೋ ಕೇಳಿದಳು. ಸಂಧ್ಯಾರಾಣಿ ತನ್ನ ಎದೆ ಮುಟ್ಟಿ ತೋರಿಸಿದಳು. ನೆರ್ಮಿನ್ ತಲೆಯಾಡಿಸಿ ಎದ್ದು ಹೋದಳು.

ಮರಳುವಾಗಲೂ ಟ್ರೇ ಗೌರಕ್ಕನ ತೊಡೆಯ ಮೇಲೇ ಇತ್ತು. ಅದನ್ನು ಎಲ್ಲಿ ಇಡುವುದೆಂದು ಯಾರೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ವಿರುಪಾಕ್ಷ ಬಾಗಿಲು ಹಾಕಿ, ಬೀಗದ ಕೈ ಮೇಜಿನ ಮೇಲೆಸೆದು ಅವ್ವನ ಎದುರು ನಿಂತ.

"ಪಾಕಕ್ಕ ಏನ್ ಮಾಡಿದಿ?"

"ಕುದಿಸಿದೆ."

"ಬಿಸಿ ಮಾಡಬ್ಯಾಡ ಅಂತ ಹೇಳಿ ಹೋಗಿದ್ಲು ಇಕಿ."

"ನನಗ ಹೇಳಿಲ್ಲ. ನಿಮ್ಮಪ್ಪಗ ಹೇಳಿದ್ಲು."

"ನನಗ ಹೇಳಿದ್ಲು, ನಾ ನಿಮ್ಮವ್ವಗ ಹೇಳಿದೆ," ಎಂದರು ಚನ್ನಬಸಯ್ಯ ಮೆಲ್ಲಗೆ. "ಆದ್ರ ನೋಡು ವಿರುಪಾಕ್ಷ, ನಿಮ್ಮವ್ವ ಏನ್ ಅಂದ್ಲಂದ್ರ..."

"ನೀವು ಸುಮ್ನಿರ್ರಿ," ಎಂದಳು ಗೌರಕ್ಕ.

"ಎಳಿ ಬಂದ್ರ ಕೆಡತೈತಿ ಅಂತ ನಿಮಗ ಬಾಯಿಬಿಟ್ಟು ಹೇಳಿದ್ದೆ ನಾನು," ಎಂದಳು ಸಂಧ್ಯಾರಾಣಿ. ಅವಳ ದನಿ ಏರಲಿಲ್ಲ. "ಆ ಕೆಲಸ ಹೆಂಗ ಸಿಗತೈತಿ ನೋಡತೀನಿ ಅಂದವ್ರು ನೀವ. ನಿನ್ನೆ ನಾನು ಉಪಕಾರ ಅಂದಾಗ ಒಳಗೊಳಗ ಎಷ್ಟು ನಕ್ಕಿರಬೇಕು. ಮ್ಯಾಲ ಸೀರಿ ಉಟಗೊಂಡು ನೋಡಾಕ ಬಂದ್ರಿ."

"ಅವ್ವಾ, ಒಂದ ಮಾತು ಹೇಳು," ಎಂದ ವಿರುಪಾಕ್ಷ. "ಗೊತ್ತಿಲ್ಲದ ಮಾಡಿದಿಯೋ, ಬೇಕಂತ ಮಾಡಿದಿಯೋ? ಗೊತ್ತಿಲ್ಲದ ಆಗಿದ್ರ ಹಂಗ ಹೇಳು. ಇಲ್ಲಿಗೇ ಬಿಡೋಣು."

ಅವನು ತೆರೆದ ಬಾಗಿಲು ಅದೊಂದೇ, ಒಳ್ಳೆಯ ಮನಸ್ಸಿನಿಂದಲೇ ತೆರೆದಿದ್ದ. ಗೌರಕ್ಕ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಗೊತ್ತಿರಲಿಲ್ಲ ಅನ್ನಬೇಕು. ಪಾಕದ ವಿಷಯದಲ್ಲಿ, ತನಗೆ ಗೊತ್ತಿರಲಿಲ್ಲ ಎಂದು, ತನ್ನ ಬಾಯಿಂದ ತಾನೇ ಅನ್ನಬೇಕು. ಯಾಷಾರನ ನಗು ಇನ್ನೂ ಕಿವಿಯಲ್ಲಿತ್ತು.

"ಬೇಕಂತನ ಮಾಡೀನಿ," ಎಂದಳು.

ಚನ್ನಬಸಯ್ಯ ಕಣ್ಣು ಮುಚ್ಚಿಕೊಂಡರು. ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ಚಿನ್ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕನ್ನಡದಲ್ಲಿ ಉತ್ತರ ಕೊಡುವುದಿಲ್ಲವೇ ಹೊರತು ಅವಳಿಗೆ ಎಲ್ಲ ಅರ್ಥವಾಗುತ್ತದೆ.

ಅಲ್ಲಿಂದ ಒಂದೇ ಮನೆಯಲ್ಲಿ ಎರಡು ಅಡಿಗೆಯಾಯಿತು. ಫ್ರಿಜ್ಜಿನ ಮೇಲಿನ ಹಲಗೆ ಸೊಸೆಯದು, ಕೆಳಗಿನದು ಅತ್ತೆಯದು. ವಿರುಪಾಕ್ಷ ಅವ್ವನ ಕೈಯ ರೊಟ್ಟಿಗೆ ಆಸೆಪಟ್ಟರೂ ಹೆಂಡತಿಯ ಅನ್ನ ಉಂಡು ಏಳುತ್ತಿದ್ದ. ಒಂದು ಮಧ್ಯಾಹ್ನ ಇಬ್ಬರೇ ಉಣ್ಣುವಾಗ ಚನ್ನಬಸಯ್ಯ ಕೇಳಿಯೇ ಬಿಟ್ಟರು.

"ಖರೇ ಹೇಳಿದ್ರ ಏನ್ ಗಂಟು ಹೋಗತಿತ್ತು?"

"ಯಾವ ಖರೇ? ನನಗ ಪಾಕ ಬರಂಗಿಲ್ಲಂತನ?"

"ಕೆಟ್ಟಾಕಿ ಅನಿಸಿಕೊಳ್ಳೋದಕ್ಕಿಂತ ಅದು ಚೊಲೋ."

"ಕೆಟ್ಟಾಕಿ ಅಂದ್ರ ಹೆದರತಾರ. ಬರದಾಕಿ ಅಂದ್ರ ನಗತಾರ. ಉಣ್ರಿ ಸುಮ್ನ."

ನೆರ್ಮಿನ್ ಫೋನು ಮಾಡಿದಳು. ಪಾಕ ಯಾರು ಕೆಡಿಸಿದರೋ ತನಗೆ ಬೇಕಿಲ್ಲ, ಆ ಹಾಳೆ ಲಟ್ಟಿಸಿದ ಕೈ ಮೆಲ್ಬರ್ನ್‌ಗೆ ಬಂದು ತನ್ನ ಕಣ್ಣೆದುರು ಇನ್ನೊಂದು ಟ್ರೇ ಮಾಡಲಿ ಎಂದಳು. ಸಂಧ್ಯಾರಾಣಿ ಹೋಗಿ ಮಾಡಿ, ಕೆಲಸ ಹಿಡಿದು ಬಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಗೌರಕ್ಕನ ಕಾಲ ಪ್ಯಾರಮಟ್ಟಾದಲ್ಲೇ ಇಳಿದು ಹೋಯಿತು. ಕೂಟದವರು ಬೀಳ್ಕೊಡುವಾಗ ಯಾರೂ ಪಾಕದ ಮಾತು ಎತ್ತಲಿಲ್ಲ. ಸುದ್ದಿ ಮುಟ್ಟಿತ್ತು. ಮುಂದಿನ ವಾರ ಅವಳೂ ಗಂಡನೂ ಮಗನ ಸಾಮಾನಿನ ಜೊತೆ ಕೋಬರ್ಗ್ ಸೇರಿದರು.

ಅಲ್ಲಿನ ಮನೆ ದೊಡ್ಡದು, ಅಡಿಗೆಮನೆಯೂ ದೊಡ್ಡದು. ಯಾರೂ ಯಾರಿಗೂ ಸರೀರಿ ಅನ್ನಬೇಕಿರಲಿಲ್ಲ. ಆದರೆ ಸಂಧ್ಯಾರಾಣಿ ಒಲೆಯ ಮುಂದೆ ಇರುವಾಗ ಗೌರಕ್ಕ ಒಳಗೆ ಬಂದರೆ ಬೋಗುಣಿಗಳ ಮೇಲೆ ಮುಚ್ಚಳ ಬೀಳುತ್ತಿತ್ತು. ಗೌರಕ್ಕ ಅದನ್ನೂ ಸಹಿಸಿದಳು, ಹೆದರುತ್ತಾರೆ ಎಂದುಕೊಂಡು. ಸಹಿಸಲಾಗದ್ದು ಬೇರೆ ಇತ್ತು. ಒಂದು ದಿನ ಶಾಲೆಯಿಂದ ಬಂದ ಚಿನ್ನಮ್ಮನಿಗೆ ಶೇಂಗಾ ಉಂಡಿ ಕೊಟ್ಟಳು. ಮೊದಲಾಗಿದ್ದರೆ ಕೈಯಿಂದ ಕಸಿದುಕೊಳ್ಳುತ್ತಿದ್ದ ಹುಡುಗಿ ಅದನ್ನು ಮೂಗಿಗೆ ಹಿಡಿದು, "ವಾಟ್ ಡಿಡ್ ಯೂ ಪುಟ್ ಇನ್ ಇಟ್?" ಎಂದು ಕೇಳಿತು.

"ಶೇಂಗಾ, ಬೆಲ್ಲ. ಮತ್ತೇನ್ ಹಾಕತಾರ?"

ಚಿನ್ನಮ್ಮ ಉಂಡಿಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು ಹೋಯಿತು. ಗೌರಕ್ಕ ಆ ಉಂಡಿಯನ್ನು ತಾನೂ ತಿನ್ನಲಿಲ್ಲ, ಎಸೆಯಲೂ ಇಲ್ಲ.

ಅಕ್ಟೋಬರಿನಲ್ಲಿ ರಂಜಾನ್ ಹಬ್ಬ ಬಂತು. ಅಂಗಡಿಯ ಓವನ್ನುಗಳು ಸಾಲದೆ ಸಂಧ್ಯಾರಾಣಿ ಮನೆಯಲ್ಲೂ ಟ್ರೇ ಇಟ್ಟಳು. ಒಂದು ಬೆಳಿಗ್ಗೆ ಬೆಂದ ಟ್ರೇಗಳನ್ನು ಅಂಗಡಿಗೆ ಮುಟ್ಟಿಸಲು ಗಂಡ ಹೆಂಡತಿ ಕಾರು ತುಂಬಿದರು. ಒಲೆಯ ಮೇಲೆ ಇನ್ನೊಂದು ಬೋಗುಣಿ ಪಾಕ ಆರುತ್ತಿತ್ತು. ಗೌರಕ್ಕ ತನ್ನ ಕೋಣೆಯಿಂದಲೇ ಸೊಸೆ ಮಗಳಿಗೆ ಹೇಳುವುದನ್ನು ಕೇಳಿದಳು.

"ಇಲ್ಲೇ ಕೂಡು. ನಾ ಬರೋತನಕ ಯಾರನ್ನೂ ಮುಟ್ಟಗೊಡಬ್ಯಾಡ."

ಯಾರನ್ನೂ ಅಂದರೆ ಯಾರನ್ನು? ಮನೆಯಲ್ಲಿ ಉಳಿದವರು ಇಬ್ಬರು. ಚನ್ನಬಸಯ್ಯ ಪೂಜೆಗೆ ಕೂತಿದ್ದರು.

ಗೌರಕ್ಕ ಎದ್ದು ನೀರು ಕುಡಿಯಲೆಂದು ಅಡಿಗೆಮನೆಗೆ ಬಂದಳು. ಒಲೆಯ ಪಕ್ಕ ಎತ್ತರದ ಸ್ಟೂಲಿನ ಮೇಲೆ ಮೊಮ್ಮಗಳು ಕಾಲು ಇಳಿಬಿಟ್ಟು ಕೂತಿದ್ದಳು. ಕೈಯ ಪಟ್ಟಿ ಹೋಗಿ ತಿಂಗಳುಗಳಾಗಿದ್ದವು. ಆ ಕೈ ಬೋಗುಣಿಯ ಮುಚ್ಚಳದ ಮೇಲಿತ್ತು.

"ಡೋಂಟ್ ಟಚ್ ಇಟ್, ಅಜ್ಜಿ."

"ಮುಟ್ಟಂಗಿಲ್ಲವಾ. ನೀರ ಕುಡಿಯಾಕ ಬಂದೀನಿ."

ಲೋಟ ತೆಗೆದುಕೊಂಡಳು, ನಲ್ಲಿ ತಿರುಗಿಸಲಿಲ್ಲ. ಮೊಮ್ಮಗಳ ಕಣ್ಣು ಅವಳ ಕೈಯ ಮೇಲೆಯೇ ಇತ್ತು, ಕಳ್ಳರ ಕೈ ನೋಡುವ ಹಾಗೆ. ಗೌರಕ್ಕನ ಎದೆಯಲ್ಲಿ ಇಷ್ಟು ದಿನ ಗಟ್ಟಿಯಾಗಿ ಕೂತದ್ದು ಕದಲಿತು. ಮಗನ ಮುಂದೆ ಆಡದ ಮಾತು, ಸೊಸೆಯ ಮುಂದೆ ಸತ್ತರೂ ಆಡದ ಮಾತು; ಈ ಮಗುವಿನ ಮುಂದೆ ಆಡಬಹುದು ಅನಿಸಿತು. ನಕ್ಕರೂ ಇದು ನಗಲಿ. ಅವಳು ಸ್ಟೂಲಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

"ಚಿನ್ನೂ, ಕೇಳಿಲ್ಲೆ. ಆವತ್ತು ನಾ ಬೇಕಂತ ಮಾಡಿಲ್ಲ. ಪಾಕ ಚೊಲೋ ಆಗಲಿ ಅಂತ ಕುದಿಸಿದೆ. ನಿಮ್ಮವ್ವಗ ಹೆಸರು ಬರಲಿ ಅಂತನ ಕುದಿಸಿದೆ. ಅದಕ್ಕ ಆ ಪಾಕ ಹಿಡಿಯಂಗಿಲ್ಲ ಅಂತ ನನಗ ಗೊತ್ತಿರಲಿಲ್ಲ. ಖರೇನ ಗೊತ್ತಿರಲಿಲ್ಲ ನನಗ."

ಚಿನ್ನಮ್ಮ ನಗಲಿಲ್ಲ. ಅಜ್ಜಿಯ ಮುಖ ನೋಡಿ, ಪಾಠ ಒಪ್ಪಿಸುವ ಹಾಗೆ, ಎಂದೂ ಇಲ್ಲದೆ ಕನ್ನಡದಲ್ಲೇ ಹೇಳಿತು.

"ಮುಂದೊಂದು ದಿನ ಅಜ್ಜಿ ಹಿಂಗ ಹೇಳತಾಳ, ನಂಬಬ್ಯಾಡ ಅಂತ ಮಮ್ಮಿ ಹೇಳ್ಯಾಳ."

ಹೇಳಿ, ಸ್ಟೂಲನ್ನು ಒಲೆಯ ಕಡೆಗೆ ಇನ್ನಷ್ಟು ಎಳೆದುಕೊಂಡು ಕೂತಿತು. ಗೌರಕ್ಕ ಖಾಲಿ ಲೋಟವನ್ನು ಇದ್ದಲ್ಲೇ ಇಟ್ಟು ತನ್ನ ಕೋಣೆಗೆ ಹೋದಳು.